ಗೋಲಿಗೆ ಬೆನ್ನು ಮಾಡಿ ನಿಂತವನು

ಫುಟ್‌ಬಾಲ್ ಆಟವನ್ನು ಅಷ್ಟಾಗಿ ಬಲ್ಲದವರಿಗೆ ಒಂದು ಸಂಗತಿ ವಿಚಿತ್ರವಾಗಿ ತೋರಬಹುದು. ಗೋಲು ಹೊಡೆಯುವುದಕ್ಕೆಂದೇ ನೇಮಕಗೊಂಡ ಆಟಗಾರ, ಅಂದರೆ ಮುಂಪಡೆಯ ನಡುವೆ ನಿಲ್ಲುವ ಸೆಂಟರ್ ಫಾರ್ವರ್ಡ್, ಪಂದ್ಯದ ಬಹುಪಾಲು ಹೊತ್ತು ಗೋಲಿಗೆ ಬೆನ್ನು ಮಾಡಿಯೇ ನಿಂತಿರುತ್ತಾನೆ. ಚೆಂಡು ಬರಬೇಕಾದದ್ದು ತನ್ನ ಕಡೆಯವರಿಂದ. ಆದುದರಿಂದ ಅವನ ಮುಖ ಅತ್ತ. ಬೆನ್ನಿಗೆ ಅಂಟಿದಂತೆ ಎದುರಾಳಿ ತಂಡದ ರಕ್ಷಣಾ ಆಟಗಾರ. ಹಾರಿ ಬಂದ ಚೆಂಡನ್ನು ಎದೆಯ ಮೇಲೋ ತೊಡೆಯ ಮೇಲೋ ತಡೆದು, ಹಿಂದಿನವನ ನೂಕಾಟವನ್ನು ಸೊಂಟದ ಬಲದಿಂದ ತಾಳಿಕೊಂಡು, ತನ್ನವರು ಓಡಿಬಂದು ಸೇರುವ ತನಕ ಎರಡು ಮೂರು ಕ್ಷಣ ಆ ಚೆಂಡನ್ನು ಕಾಪಾಡಿಕೊಡುವುದು ಅವನ ಕೆಲಸ. ಈ ಎರಡು ಮೂರು ಕ್ಷಣಗಳು ಸಿಗದಿದ್ದರೆ ತಂಡ ಮುಂದೆ ಸಾಗಲಾರದು. ಆದರೆ ಅವುಗಳನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವುದು ಗೋಲು ಹೊಡೆದವನ ಹೆಸರು, ಹೊಡೆದ ನಿಮಿಷ, ಇಷ್ಟೆ.

ಇಂದು ನಾನು ಹೇಳಹೊರಟಿರುವುದು ಇಂಥ ಒಬ್ಬ ಆಟಗಾರನ ವೃತ್ತಿಜೀವನವನ್ನು ಕುರಿತು. ಹೆಸರು ಎಡೆರ್. ಪೂರ್ಣ ಹೆಸರು ಎಡೆರ್ಜಿಟೊ ಆಂಟೋನಿಯೊ ಮಸೆಡೊ ಲೋಪೆಸ್. ದೇಶ ಪೋರ್ಚುಗಲ್. ಈತ ಮಹಾನ್ ಆಟಗಾರನಲ್ಲ. ಹಾಗೆಂದು ಅವನೂ ಎಂದೂ ಹೇಳಿಕೊಂಡಂತಿಲ್ಲ. ಒಂದು ತಂಡದಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತ ದುಡಿದ ಸಾಮಾನ್ಯ ವೃತ್ತಿಪರ. ಇಂಗ್ಲಿಷಿನಲ್ಲಿ ಇಂಥವನಿಗೆ ‘ಜರ್ನಿಮನ್’ ಎಂಬ ಮಾತಿದೆ. ಕೇಳಿದೊಡನೆ ಊರೂರು ತಿರುಗುವ ಪಯಣಿಗನೆಂದು ಅರ್ಥಮಾಡಿಕೊಳ್ಳುತ್ತೇವೆ. ಪದದ ಮೂಲ ಬೇರೆ. ಫ್ರೆಂಚಿನ ‘ಜೂರ್ನೇ’ ಎಂದರೆ ಒಂದು ಹಗಲು, ಒಂದು ದಿನದ ದುಡಿಮೆ. ಗುರುವಿನ ಬಳಿ ಕಸುಬು ಕಲಿತು ಮುಗಿಸಿದ್ದರೂ ಸ್ವಂತ ಅಂಗಡಿ ಹೂಡುವ ಸ್ಥಿತಿಗೆ ಬಾರದೆ, ದಿನದ ಲೆಕ್ಕದಲ್ಲಿ ಪರರ ಅಂಗಡಿಯಲ್ಲಿ ದುಡಿಯುವ ಕುಶಲಕರ್ಮಿಯೇ ಜರ್ನಿಮನ್. ಪದಗಳ ಬೆನ್ನು ಹತ್ತುವುದು ಅಧ್ಯಾಪಕರ ಹಳೆಯ ಚಟ, ಕೇಳುಗರು ಕ್ಷಮಿಸಬೇಕು. ಆದರೆ ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಡೆರ್‌ನ ಕಥೆ ಸರಿಯಾಗಿ ತಿಳಿಯುತ್ತದೆ. ಅವನಿಗೆ ಕಸುಬು ಗೊತ್ತಿತ್ತು, ಅಂಗಡಿ ಇರಲಿಲ್ಲ.

ಪೋರ್ಚುಗಲ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಗೋವೆ, ಉಳ್ಳಾಲದ ಅಬ್ಬಕ್ಕ, ಮತ್ತು ನಾವು ದಿನವೂ ಬಳಸುವ ಚಾವಿ, ಅಲಮಾರು, ಪಾದ್ರಿ ಮೊದಲಾದ ಪದಗಳು. 1961ರಲ್ಲಿ ಗೋವೆಯನ್ನು ಬಿಟ್ಟ ಪೋರ್ಚುಗೀಸರು ಆಫ್ರಿಕದ ತಮ್ಮ ವಸಾಹತುಗಳನ್ನು ಮತ್ತೆ ಹದಿಮೂರು ವರ್ಷ ಬಿಡಲಿಲ್ಲ. ಅವುಗಳಲ್ಲಿ ಒಂದು, ಪಶ್ಚಿಮ ಕರಾವಳಿಯ ಗಿನಿ ಬಿಸ್ಸಾವ್. ಅಮಿಲ್ಕಾರ್ ಕಬ್ರಾಲ್ ಎಂಬ ಧೀಮಂತ ಕಟ್ಟಿದ ಪಕ್ಷ ಅಲ್ಲಿ 1963ರಿಂದ ಯುದ್ಧ ನಡೆಸಿತು. 1973ರ ಜನವರಿಯಲ್ಲಿ ಕಬ್ರಾಲನ ಕೊಲೆಯಾಯಿತು. ಮರುವರ್ಷ ಏಪ್ರಿಲ್ 25ರಂದು ಲಿಸ್ಬನ್ನಿನಲ್ಲಿ ಸೈನಿಕರೇ ಸರ್ವಾಧಿಕಾರವನ್ನು ಕಿತ್ತೊಗೆದ ಮೇಲೆ ಪೋರ್ಚುಗಲ್ ಆ ನಾಡಿನ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಎಡೆರ್ ಹುಟ್ಟಿದ್ದು ಅದರ ರಾಜಧಾನಿ ಬಿಸ್ಸಾವ್‌ನಲ್ಲಿ, 1987ರ ಡಿಸೆಂಬರ್ 22ರಂದು. ಬಡತನದ ನಾಡನ್ನು ಬಿಟ್ಟು ಹಿಂದಿನ ಒಡೆಯರ ನಾಡಿಗೆ ಬಂದ ಅನೇಕ ಕುಟುಂಬಗಳ ಮಕ್ಕಳಂತೆ ಅವನೂ ಎಳವೆಯಲ್ಲೇ ಪೋರ್ಚುಗಲ್ಲಿಗೆ ಬಂದ. ಮನೆಯಲ್ಲಿ ಸಾಕುವ ಶಕ್ತಿ ಇರಲಿಲ್ಲ. ಕೊಯಿಂಬ್ರಾ ನಗರದ ಒಂದು ಮಕ್ಕಳ ಆಶ್ರಯಮಂದಿರದಲ್ಲಿ ಬೆಳೆದ. ಆ ಮಂದಿರದ ಹೆಸರು ಜಿರಸ್ಸೋಲ್, ಕನ್ನಡದಲ್ಲಿ ಸೂರ್ಯಕಾಂತಿ. ಇದನ್ನೆಲ್ಲ ಅವನೇ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾನೆ.

ಕೊಯಿಂಬ್ರಾ ಎಂಬ ಹೆಸರು ಕೇಳಿದರೆ ನನ್ನಂಥವನ ಕಿವಿ ನಿಮಿರುತ್ತದೆ. ಸ್ವತಃ ಕವಿಯಾಗಿದ್ದ ಡಿನಿಸ್ ದೊರೆ 1290ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ ಲಿಸ್ಬನ್ನಿಗೂ ಕೊಯಿಂಬ್ರಾಕ್ಕೂ ಹಲವು ಬಾರಿ ಓಡಾಡಿ, 1537ರಲ್ಲಿ ಕೊನೆಗೆ ನೆಲೆ ನಿಂತದ್ದು ಇಲ್ಲಿ. ವಿದ್ಯಾರ್ಥಿಗಳು ಕರಿಯ ಮೇಲುಹೊದಿಕೆ ತೊಟ್ಟು ತಿರುಗುವ ಊರು. ವಿದ್ಯಾರ್ಥಿ ಸಂಘದಿಂದಲೇ ಹುಟ್ಟಿದ ಅಕಾಡೆಮಿಕಾ ಎಂಬ ಫುಟ್‌ಬಾಲ್ ತಂಡದ ಅಂಗಿಯೂ ಕರಿಯದೇ. 1969ರ ಏಪ್ರಿಲ್‌ನಲ್ಲಿ ರಾಷ್ಟ್ರಾಧ್ಯಕ್ಷರು ವಿಶ್ವವಿದ್ಯಾಲಯಕ್ಕೆ ಬಂದಾಗ ವಿದ್ಯಾರ್ಥಿ ಮುಖಂಡನೊಬ್ಬ ಎದ್ದು ನಿಂತು ಮಾತನಾಡಲು ಅಪ್ಪಣೆ ಬೇಡಿದ, ಅಪ್ಪಣೆ ಸಿಗಲಿಲ್ಲ, ಅಲ್ಲಿಂದ ಹರತಾಳ ಹಬ್ಬಿತು. ಅದೇ ವರ್ಷ ಅಕಾಡೆಮಿಕಾ ತಂಡ ಪೋರ್ಚುಗಲ್ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದುಬಿಟ್ಟಿತು. ಪ್ರೇಕ್ಷಕರ ನಡುವೆ ವಿದ್ಯಾರ್ಥಿಗಳ ಬೇಡಿಕೆಯ ಫಲಕಗಳೆದ್ದವು. ರಾಷ್ಟ್ರಾಧ್ಯಕ್ಷರು ಮೈದಾನದತ್ತ ಸುಳಿಯಲಿಲ್ಲ; ಸರಕಾರಿ ದೂರದರ್ಶನ ಪಂದ್ಯವನ್ನು ತೋರಿಸಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬೆನ್‌ಫಿಕಾ ತಂಡ 2–1ರಿಂದ ಗೆದ್ದಿತು. ಗೆಲುವಿನ ಗೋಲು ಯುಸೇಬಿಯೊನದು. ಅವನೂ ಆಫ್ರಿಕದ ವಸಾಹತಿನವನೇ, ಮೊಜಾಂಬಿಕ್‌ನಲ್ಲಿ ಹುಟ್ಟಿದವನು. 1966ರ ವಿಶ್ವಕಪ್ಪಿನಲ್ಲಿ 9 ಗೋಲು ಹೊಡೆದು ಪೋರ್ಚುಗಲ್ಲಿಗೆ ಮೂರನೆಯ ಸ್ಥಾನ ದೊರಕಿಸಿದವನು. ಫಾರ್ವರ್ಡ್ ಎಂದರೆ ಹೇಗಿರಬೇಕೆಂಬುದಕ್ಕೆ ಪೋರ್ಚುಗೀಸರ ಕಣ್ಣಮುಂದೆ ಬಹುಕಾಲ ನಿಂತ ಮಾದರಿ ಅವನು. ನಂತರ ಬಂದ ಎಲ್ಲರನ್ನೂ ಆ ಕೋಲಿನಿಂದ ಅಳೆದರು. ಆ ಅಳತೆಗೆ ಏರುವವರು ಶತಮಾನಕ್ಕೆ ಒಬ್ಬಿಬ್ಬರು.

ಎಡೆರ್ ಹುಡುಗನಾಗಿದ್ದಾಗ ಆಡಿದ್ದು ಕೊಯಿಂಬ್ರಾದ ಹೊರವಲಯದ ಅಡೇಮಿಯಾ ಎಂಬ ಸಣ್ಣ ತಂಡದಲ್ಲಿ. ಅನಂತರ ಒಲಿವೇರಾ ಡೊ ಹಾಸ್ಪಿಟಲ್, ಟೂರಿಜೆನ್ಸ್ ಎಂಬ ಕೆಳದರ್ಜೆಯ ತಂಡಗಳು. ದೊಡ್ಡ ತಂಡಗಳ ತರಬೇತಿ ಶಾಲೆಗಳಲ್ಲಿ ಹತ್ತನೆಯ ವಯಸ್ಸಿಗೇ ಗುರುತಿಸಿ ಬೆಳೆಸಿದ ಹುಡುಗನಲ್ಲ ಅವನು. ಇಪ್ಪತ್ತು ದಾಟಿದ ಮೇಲೆ, 2008ರಲ್ಲಿ, ಅಕಾಡೆಮಿಕಾ ಅವನನ್ನು ತೆಗೆದುಕೊಂಡಿತು. ನಾಲ್ಕು ವರ್ಷ ಅಲ್ಲಿ ದುಡಿದ. 2012ರಲ್ಲಿ ಅಕಾಡೆಮಿಕಾ 73 ವರ್ಷಗಳ ನಂತರ ಪೋರ್ಚುಗಲ್ ಕಪ್ಪನ್ನು ಗೆದ್ದಿತು. ಆದರೆ ಆ ಅಂತಿಮ ಪಂದ್ಯದಲ್ಲಿ ಎಡೆರ್ ಆಡಲಿಲ್ಲ. ಜರ್ನಿಮನ್ನರ ಬದುಕಿನಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ: ಕಟ್ಟಡ ಏಳುವಾಗ ಕಲ್ಲು ಹೊತ್ತವನು ಗೃಹಪ್ರವೇಶದ ದಿನ ಬೇರೆಡೆ ಇರುತ್ತಾನೆ.

ಬಳಿಕ ಬ್ರಾಗಾ ನಗರದ ತಂಡ. ಮೂರು ಋತುಗಳು, ಅದರ ನಡುವೆ ಮೊಣಕಾಲಿನ ಕೆಟ್ಟ ಪೆಟ್ಟು. 2015ರ ಪೋರ್ಚುಗಲ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸ್ಪೋರ್ಟಿಂಗ್ ತಂಡದ ವಿರುದ್ಧ ಎಡೆರ್ ಪೆನಾಲ್ಟಿಯಿಂದ ಗೋಲು ಹೊಡೆದ. ಬ್ರಾಗಾ 2–0ರಿಂದ ಮುಂದಿತ್ತು. ಎದುರಾಳಿಗಳು ಹತ್ತೇ ಮಂದಿ ಉಳಿದಿದ್ದರು. ಆದರೂ ಕೊನೆಯ ಗಳಿಗೆಯಲ್ಲಿ ಸ್ಪೋರ್ಟಿಂಗ್ ಎರಡು ಗೋಲು ಮರಳಿಸಿ, ಪೆನಾಲ್ಟಿಗಳ ಸ್ಪರ್ಧೆಯಲ್ಲಿ ಕಪ್ಪನ್ನು ಒಯ್ದಿತು. ಅದೇ ಬೇಸಗೆಯಲ್ಲಿ ಅವನು ಬ್ರಿಟನ್ನಿಗೆ ಹೋದ. ವೇಲ್ಸ್‌ನ ಸ್ವಾನ್ಸಿ ತಂಡ. ಅಲ್ಲಿ ಅರ್ಧ ಋತು ಕಳೆಯಿತು. ಒಂದೇ ಒಂದು ಗೋಲು ಬರಲಿಲ್ಲ. 2016ರ ಆರಂಭದಲ್ಲಿ ಫ್ರಾನ್ಸಿನ ಲಿಲ್ ತಂಡಕ್ಕೆ ಎರವಲಾಗಿ ಕೊಟ್ಟರು. ಎರವಲು ಎಂಬ ಮಾತನ್ನು ಗಮನಿಸಿ. ಪುಸ್ತಕವನ್ನು ಕೊಡುವಂತೆ ಮನುಷ್ಯರನ್ನೂ ಕೊಡುವುದು ಈ ಆಟದ ವ್ಯವಹಾರದಲ್ಲಿ ಸಹಜ. ಲಿಲ್‌ನಲ್ಲಿ ಅವನು ಚೇತರಿಸಿಕೊಂಡ. 13 ಲೀಗ್ ಪಂದ್ಯಗಳಲ್ಲಿ 6 ಗೋಲು. ಆ ತಂಡ ಅವನನ್ನು ಉಳಿಸಿಕೊಂಡಿತು.

ಇನ್ನು ರಾಷ್ಟ್ರೀಯ ತಂಡದ ವಿಷಯ. 2012ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಪೋರ್ಚುಗಲ್ಲಿನ ಪರವಾಗಿ ಆಡಿದ ಎಡೆರ್, ಮೊದಲ ಗೋಲು ಹೊಡೆದದ್ದು 2015ರ ಜೂನ್‌ನಲ್ಲಿ, ಇಟಲಿಯ ವಿರುದ್ಧ. ನಡುವೆ ಹತ್ತಿರಹತ್ತಿರ ಮೂರು ವರ್ಷ, ಒಂದು ವಿಶ್ವಕಪ್ಪು. ಸೆಂಟರ್ ಫಾರ್ವರ್ಡ್ ಮೂರು ವರ್ಷ ಗೋಲು ಹೊಡೆಯದಿದ್ದರೆ ಜನ ಸುಮ್ಮನಿದ್ದಾರೆಯೆ? ತಂಡದ ಪಟ್ಟಿಯಲ್ಲಿ ಅವನ ಹೆಸರು ಬಂದಾಗಲೆಲ್ಲ ಗೊಣಗಾಟ, ಕುಹಕ. ಪ್ರೇಕ್ಷಕರ ದೂರಿನಲ್ಲಿ ಹುರುಳೇ ಇರಲಿಲ್ಲವೆಂದು ನಾನು ಹೇಳಲಾರೆ. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನು ಅಂಕಗಳನ್ನು ತಿರಸ್ಕರಿಸುವುದು ಶೋಭಿಸುವುದಿಲ್ಲ. ಗೋಲು ಹೊಡೆಯುವುದು ಫಾರ್ವರ್ಡನ ಧರ್ಮ. ಅದರಲ್ಲಿ ಎಡೆರ್ ಹಿಂದುಳಿದಿದ್ದ. ಆದರೆ ಅಂಕ ಹೇಳುವುದು ಒಂದನ್ನು, ಮುಚ್ಚಿಡುವುದು ಇನ್ನೊಂದನ್ನು. ಕ್ರಿಸ್ಟಿಯಾನೊ ರೊನಾಲ್ಡೊನಂಥವನು ಬದಿಯಿಂದ ಓಡಿಬಂದು ಗೋಲು ಹೊಡೆಯಬೇಕಾದರೆ, ನಡುವಿನಲ್ಲಿ ನಿಂತು ಇಬ್ಬರು ರಕ್ಷಕರನ್ನು ತನ್ನ ಮೈಗೆ ಎಳೆದುಕೊಳ್ಳುವವನೊಬ್ಬ ಬೇಕಲ್ಲವೆ? ತಂಡದ ತರಬೇತುದಾರ ಫೆರ್ನಾಂಡೊ ಸಾಂಟೋಸ್ ಅವನನ್ನು 2016ರ ಯುರೋಪಿಯನ್ ಚಾಂಪಿಯನ್‌ಷಿಪ್ಪಿಗೆ ಕರೆದೊಯ್ದದ್ದು ಇಂಥ ಲೆಕ್ಕದಿಂದಲೇ ಇರಬೇಕೆಂದು ನನ್ನ ಊಹೆ.

ಆ ಪಂದ್ಯಾವಳಿಯಲ್ಲಿ ಪೋರ್ಚುಗಲ್ ಗೆದ್ದ ಬಗೆಯೂ ದಿನಗೂಲಿಯದೇ. ಗುಂಪಿನ ಮೂರು ಪಂದ್ಯಗಳಲ್ಲಿ ಐಸ್‌ಲೆಂಡ್, ಆಸ್ಟ್ರಿಯ, ಹಂಗೇರಿಗಳೊಡನೆ ಮೂರೂ ಸಮ. ಗುಂಪಿನಲ್ಲಿ ಮೂರನೆಯ ಸ್ಥಾನ. ಆ ವರ್ಷ ಮೊದಲ ಬಾರಿಗೆ 24 ತಂಡಗಳನ್ನು ಸೇರಿಸಿದ್ದರಿಂದ ಮೂರನೆಯ ಸ್ಥಾನದವರಲ್ಲೂ ಕೆಲವರಿಗೆ ಮುಂದಿನ ಬಾಗಿಲು ತೆರೆದಿತ್ತು. ಕ್ರೊಯೇಷಿಯವನ್ನು ಹೆಚ್ಚುವರಿ ಅವಧಿಯಲ್ಲಿ, ಪೋಲೆಂಡನ್ನು ಪೆನಾಲ್ಟಿಗಳಲ್ಲಿ ಸೋಲಿಸಿದರು. ತೊಂಬತ್ತು ನಿಮಿಷಗಳ ಒಳಗೆ ಅವರು ಗೆದ್ದದ್ದು ವೇಲ್ಸ್ ವಿರುದ್ಧದ ಸೆಮಿಫೈನಲ್ ಒಂದನ್ನೇ. ಇಷ್ಟರಲ್ಲಿ ಎಡೆರ್ ಮೈದಾನಕ್ಕಿಳಿದದ್ದು ಗುಂಪಿನ ಪಂದ್ಯಗಳ ಕೊನೆಯ ಕೆಲವೇ ನಿಮಿಷ. ಉಳಿದಂತೆ ಬೆಂಚಿನ ಮೇಲೆ.

ಅಂತಿಮ ಪಂದ್ಯ ಜುಲೈ 10ರಂದು, ಪ್ಯಾರಿಸ್ಸಿನ ಬಳಿಯ ಸ್ತಾದ್ ದ ಫ್ರಾನ್ಸ್‌ನಲ್ಲಿ, ಆತಿಥೇಯ ಫ್ರಾನ್ಸಿನ ವಿರುದ್ಧ. ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ಹಿಂದಿನ ರಾತ್ರಿ ಮೈದಾನದ ದೀಪಗಳನ್ನು ಆರಿಸದೆ ಬಿಟ್ಟಿದ್ದರಿಂದ ಸಾವಿರಾರು ಪತಂಗಗಳು ಮುತ್ತಿಕೊಂಡಿದ್ದವು. ಆಟಗಾರರ ಅಂಗಿಗಳ ಮೇಲೆ, ಗೋಲಿನ ಬಲೆಯ ಮೇಲೆ, ಎಲ್ಲೆಂದರಲ್ಲಿ. ಎಂಟನೆಯ ನಿಮಿಷದಲ್ಲಿ ಫ್ರಾನ್ಸಿನ ಪಾಯೆ ಎಂಬಾತನ ಡಿಕ್ಕಿಯಿಂದ ರೊನಾಲ್ಡೊನ ಮೊಣಕಾಲು ನೊಂದಿತು. ಹೇಗೋ ಆಡಲು ಹೆಣಗಿದ, ಆಗಲಿಲ್ಲ, ನೆಲದ ಮೇಲೆ ಕುಳಿತು ಕಣ್ಣೀರಿಟ್ಟ. ಪತಂಗವೊಂದು ಅವನ ಮುಖದ ಮೇಲೆ ಕುಳಿತದ್ದನ್ನು ಲೋಕವೇ ಕಂಡಿತು. 25ನೆಯ ನಿಮಿಷದಲ್ಲಿ ಅವನನ್ನು ಮಂಚದ ಮೇಲೆ ಹೊತ್ತೊಯ್ದರು. ನಮ್ಮ ಭಾರತ ಕಾವ್ಯಗಳಲ್ಲಿ ಸೇನಾನಿ ಬಿದ್ದನೆಂದರೆ ಒಂದು ಪರ್ವವೇ ಮುಗಿಯಿತು. ಪಡೆ ದಿಕ್ಕೆಟ್ಟು ಚದರುತ್ತದೆ. ಇಲ್ಲಿ ಹಾಗಾಗಲಿಲ್ಲ. ಪೆಪೆ ಎಂಬ ರಕ್ಷಕನೂ ಪಾಟ್ರೀಸಿಯೊ ಎಂಬ ಗೋಲ್‌ಕೀಪರನೂ ಹುರಿಯಾಳುಗಳಂತೆ ನಿಂತರು. ಕಾಯುವುದು ಗೊತ್ತಿದ್ದ ತಂಡ ಅದು.

79ನೆಯ ನಿಮಿಷದಲ್ಲಿ ಸಾಂಟೋಸ್ ಹದಿನೆಂಟರ ಹುಡುಗ ರೆನಾಟೊ ಸಾಂಚೆಸ್‌ನನ್ನು ಹಿಂದಕ್ಕೆ ಕರೆದು ಎಡೆರ್‌ನನ್ನು ಇಳಿಸಿದ. ಅಂಗಿಯ ಸಂಖ್ಯೆ 9. ಆ ಹೊತ್ತಿಗೆ ದೂರದರ್ಶನದ ಮುಂದಿದ್ದ ಎಷ್ಟೋ ಪೋರ್ಚುಗೀಸರು ತಲೆ ಚಚ್ಚಿಕೊಂಡಿರಬೇಕು. ಆದರೆ ಆಟದ ನಡೆ ಮೆಲ್ಲನೆ ಬದಲಾಯಿತು. ಅದುವರೆಗೆ ಪೋರ್ಚುಗಲ್ ಒದ್ದ ಚೆಂಡು ಮುಂದೆ ಹೋಗಿ, ಹಿಡಿಯುವವರಿಲ್ಲದೆ, ಹಾಗೆಯೇ ಫ್ರಾನ್ಸಿನವರ ಕಾಲಿಗೆ ಸೇರಿ ಮರಳುತ್ತಿತ್ತು. ಈಗ ಅದನ್ನು ತಡೆದು ನಿಲ್ಲಿಸುವ ಮೈಯೊಂದು ಅಲ್ಲಿತ್ತು. ಎಡೆರ್ ಗೋಲಿಗೆ ಬೆನ್ನು ಮಾಡಿ ನಿಂತ; ಚೆಂಡು ಹಿಡಿದ; ಕೊಸಿಯೆಲ್ನಿ ಎಂಬ ಫ್ರೆಂಚ್ ರಕ್ಷಕನನ್ನು ಬೆನ್ನ ಮೇಲೆ ಹೊತ್ತ; ಬಿದ್ದ; ಫೌಲು ಗಿಟ್ಟಿಸಿದ; ಎದ್ದು ಮತ್ತೆ ನಿಂತ. ದಣಿದ ತಂಡಕ್ಕೆ ಉಸಿರು ತೆಗೆದುಕೊಳ್ಳಲು ಬಿಡುವು ಸಿಕ್ಕಿತು. ಈ ಮೂವತ್ತು ನಿಮಿಷಗಳನ್ನು ನಾನು ಆಮೇಲೆ ಎರಡು ಬಾರಿ ನೋಡಿದ್ದೇನೆ. ಗೋಲನ್ನು ಮಾತ್ರ ನೋಡುವವರಿಗೆ ಇದು ಕಾಣುವುದಿಲ್ಲ.

ಅದೃಷ್ಟದ ಪಾಲು ಇರಲಿಲ್ಲವೆ? ಇತ್ತು. ತೊಂಬತ್ತೆರಡನೆಯ ನಿಮಿಷದಲ್ಲಿ ಝಿನ್ಯಾಕ್ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿಯಿತು. ನಾಲ್ಕು ಬೆರಳು ಆಚೆ ಹೋಗಿದ್ದರೆ ಕಥೆಯೇ ಮುಗಿಯುತ್ತಿತ್ತು. 108ನೆಯ ನಿಮಿಷದಲ್ಲಿ ಇನ್ನೊಂದು ತಮಾಷೆ. ಎಡೆರ್ ಮತ್ತು ಕೊಸಿಯೆಲ್ನಿ ಒಟ್ಟಿಗೆ ಚೆಂಡಿಗೆ ಹೋರಾಡುತ್ತಿದ್ದಾಗ ಚೆಂಡು ಕೈಗೆ ತಗುಲಿತು. ತಗುಲಿದ್ದು ಎಡೆರ್‌ನ ಕೈಗೆ. ಇಂಗ್ಲೆಂಡಿನ ತೀರ್ಪುಗಾರ ಕ್ಲಾಟನ್‌ಬರ್ಗ್ ಅದನ್ನು ಕೊಸಿಯೆಲ್ನಿಯ ಕೈಯೆಂದು ತಿಳಿದು ಅವನಿಗೆ ಹಳದಿ ಚೀಟಿ ತೋರಿಸಿ, ಪೋರ್ಚುಗಲ್ಲಿಗೆ ಫ್ರೀ ಕಿಕ್ ಕೊಟ್ಟ. ಗೆರೇರೊ ಹೊಡೆದ ಆ ಒದೆತ ಗೋಲಿನ ಮೇಲ್ಪಟ್ಟಿಗೆ ಬಡಿದು ಹಿಂದಿರುಗಿತು. ಎರಡೂ ಕಡೆಗೆ ಒಂದೊಂದು ಬಾರಿ ಮರದ ಚೌಕಟ್ಟು ಅಡ್ಡ ಬಂದಂತಾಯಿತು. ಆದುದರಿಂದ ಅದೃಷ್ಟದ ಲೆಕ್ಕ ಅಲ್ಲಿಗೆ ಸಮವೆಂದೇ ನಾನು ಬಗೆಯುತ್ತೇನೆ.

109ನೆಯ ನಿಮಿಷ. ಅವನಂತೆಯೇ ಬದಲಿಯಾಗಿ ಇಳಿದಿದ್ದ ಮೌಟಿನ್ಯೊ ಎಡಗಡೆಯಲ್ಲಿ ಚೆಂಡನ್ನು ದಾಟಿಸಿದ. ಎಡೆರ್ ಅದನ್ನು ಹಿಡಿದ. ಬೆನ್ನಿಗೆ ಅದೇ ಕೊಸಿಯೆಲ್ನಿ. ಅರ್ಧ ಗಂಟೆಯಿಂದ ಮಾಡುತ್ತಿದ್ದಂತೆಯೇ, ಹೇಳುವುದಾದರೆ ಹತ್ತು ವರ್ಷಗಳಿಂದ ಮಾಡುತ್ತಿದ್ದಂತೆಯೇ, ತೋಳು ಅಡ್ಡ ಕೊಟ್ಟು ಅವನನ್ನು ದೂರ ಹಿಡಿದ. ಇಷ್ಟರವರೆಗೆ ನಿತ್ಯದ ಕೆಲಸ. ಸಾಮಾನ್ಯವಾಗಿ ಇಲ್ಲಿ ಚೆಂಡನ್ನು ಇನ್ನೊಬ್ಬನಿಗೆ ಕೊಡಬೇಕು. ಹತ್ತಿರ ಯಾರೂ ಬಂದಿರಲಿಲ್ಲ. ಒಳಕ್ಕೆ ತಿರುಗಿ ಎರಡು ಹೆಜ್ಜೆ ಸರಿದ. ಮುಂದೆ ಜಾಗ ಕಂಡಿತು. ಸುಮಾರು ಇಪ್ಪತ್ತೈದು ಗಜ ದೂರದಿಂದ ಬಲಗಾಲಿನಲ್ಲಿ ಹೊಡೆದ. ಚೆಂಡು ನೆಲವನ್ನು ಸವರಿಕೊಂಡು ಹೋಗಿ, ನೀಡಿದ ಲೋರಿಸ್‌ನ ಕೈಗೆ ದಕ್ಕದೆ ಬಲೆಯ ಮೂಲೆ ಸೇರಿತು.

ಪೋರ್ಚುಗಲ್ 1–0ರಿಂದ ಗೆದ್ದಿತು. ಯುಸೇಬಿಯೊನ ಕಾಲದಲ್ಲಿ ಸಿಗದ, 2004ರಲ್ಲಿ ತಮ್ಮದೇ ಲಿಸ್ಬನ್ನಿನಲ್ಲಿ ಗ್ರೀಸಿನ ಕೈಗೆ ಬಿಟ್ಟುಕೊಟ್ಟ ದೊಡ್ಡ ಪ್ರಶಸ್ತಿ, ಒಂದು ಕೋಟಿ ಜನರ ಆ ಸಣ್ಣ ದೇಶಕ್ಕೆ ಮೊದಲ ಬಾರಿ ಬಂತು. ತಾನು ಗೋಲು ಹೊಡೆಯುತ್ತೇನೆಂದು ಒಳಗಿಳಿಯುವಾಗ ಎಡೆರ್ ತನಗೆ ಹೇಳಿದ್ದನೆಂದು ಸಾಂಟೋಸ್ ತಿಳಿಸಿದ. ಕುರೂಪಿ ಬಾತುಮರಿ ಈಗ ಹಂಸವಾಯಿತೆಂದು ಆಂಡರ್‌ಸನ್ನನ ಕಥೆಯನ್ನು ನೆನೆದ. ನನಗೆ ಮಾತ್ರ ಈ ಹೋಲಿಕೆ ಅಷ್ಟಾಗಿ ಹಿಡಿಸಲಿಲ್ಲ. ಬೇರೆ ಏನೂ ಅಲ್ಲದಿದ್ದರೂ, ಎಡೆರ್‌ಗೆ ಒಂದು ಗೋಲೂ ಸಿಗದ ಸ್ವಾನ್ಸಿ ತಂಡದ ಅಡ್ಡಹೆಸರೇ ಹಂಸಗಳೆಂದು! ಆ ಕಥೆಯಲ್ಲಿ ಮರಿ ಬದಲಾಗುತ್ತದೆ. ಇಲ್ಲಿ ಬದಲಾದದ್ದು ನೋಡುವವರ ಕಣ್ಣು. ಎಡೆರ್ 108ನೆಯ ನಿಮಿಷದಲ್ಲಿ ಯಾವ ಆಟಗಾರನಾಗಿದ್ದನೋ 110ನೆಯ ನಿಮಿಷದಲ್ಲೂ ಅದೇ ಆಟಗಾರನಾಗಿದ್ದ. ಆ ದಿನಗಳಲ್ಲಿ ತನ್ನ ಮನಸ್ಸನ್ನು ಗಟ್ಟಿಗೊಳಿಸಿದವರೆಂದು ಅವನು ಸುಸಾನಾ ಟೊರೆಸ್ ಎಂಬ ಮಾರ್ಗದರ್ಶಿಯನ್ನು ಬಹಿರಂಗವಾಗಿ ಸ್ಮರಿಸಿದ. ಕುಹಕವನ್ನು ಕೇಳುತ್ತ ಕೇಳುತ್ತ ಬದುಕಿದವನಿಗೆ ಕಾಲಿನ ಕಸರತ್ತಿಗಿಂತ ಅದೇ ಹೆಚ್ಚು ಬೇಕಾಗಿತ್ತೇನೊ.

ನೋಡುವವರ ಕಣ್ಣು ಬದಲಾದದ್ದೂ ಬಹುಕಾಲಕ್ಕಲ್ಲ. ಫ್ರಾನ್ಸನ್ನು ಅಳಿಸಿದವನು ಮುಂದಿನ ಋತುವಿನಲ್ಲಿ ಫ್ರಾನ್ಸಿನ ಊರೂರುಗಳ ಮೈದಾನದಲ್ಲೇ ಆಡಿ ಹೊಟ್ಟೆ ಹೊರೆಯಬೇಕಾಯಿತು. 2017ರಲ್ಲಿ ರಷ್ಯದ ಲೋಕೊಮೊಟಿವ್ ಮಾಸ್ಕೋ ತಂಡ ಅವನನ್ನು ಮತ್ತೆ ಎರವಲಾಗಿಯೇ ಪಡೆಯಿತು. 2018ರ ಮೇ 5ರಂದು ಝೆನಿತ್ ತಂಡದ ವಿರುದ್ಧ 87ನೆಯ ನಿಮಿಷದಲ್ಲಿ ಅವನು ಹೊಡೆದ ಗೋಲಿನಿಂದ ಲೋಕೊಮೊಟಿವ್ ರಷ್ಯದ ಚಾಂಪಿಯನ್ ಆಯಿತು, 2004ರ ನಂತರ ಮೊದಲ ಬಾರಿಗೆ. ಪ್ಯಾರಿಸ್ಸಿನದು ಕುರುಡು ಅದೃಷ್ಟವೆಂದವರು ಈ ಎರಡನೆಯದಕ್ಕೆ ಏನೆನ್ನುತ್ತಾರೋ ನಾನರಿಯೆ. ಅದೇ ತಿಂಗಳು ವಿಶ್ವಕಪ್ಪಿಗೆ ಪೋರ್ಚುಗಲ್ ತಂಡದ ಪಟ್ಟಿ ಹೊರಬಿತ್ತು. ವಿಶ್ವಕಪ್ಪು ನಡೆಯಲಿದ್ದದ್ದು ರಷ್ಯದಲ್ಲಿ. ತರಬೇತುದಾರ ಅದೇ ಸಾಂಟೋಸ್. ಪಟ್ಟಿಯಲ್ಲಿ ಎಡೆರ್‌ನ ಹೆಸರಿರಲಿಲ್ಲ. ಇದರಲ್ಲಿ ಕೃತಘ್ನತೆಯನ್ನು ಹುಡುಕಬೇಕಾಗಿಲ್ಲ. ಅವನಿಗಿಂತ ಕಿರಿಯರಾದ, ಚುರುಕಾದ ಫಾರ್ವರ್ಡರು ಬಂದಿದ್ದರು. ದಿನಗೂಲಿಯವನಿಗೆ ನಿನ್ನೆಯ ಕೆಲಸದ ಸಂಬಳ ನಿನ್ನೆಗೇ ಮುಗಿದಿರುತ್ತದೆ.

ಮಾಸ್ಕೋದಲ್ಲಿ ಅವನು 2021ರ ವರೆಗೆ ಇದ್ದ. ಎರಡು ಬಾರಿ ರಷ್ಯನ್ ಕಪ್ಪು ಗೆದ್ದ ತಂಡದಲ್ಲಿದ್ದ. ಆ ಬಳಿಕ ಸೌದಿ ಅರೇಬಿಯಕ್ಕೆ ಹೋಗಿ, ಬುರೈದಾ ಎಂಬ ನಗರದ ಅಲ್ ರಾಯಿದ್ ತಂಡದಲ್ಲಿ ಒಂದು ಋತು ಆಡಿ, 2022ರಲ್ಲಿ ಅಲ್ಲಿಂದ ಹೊರಟ. ಮರುವರ್ಷದ ಜನವರಿಯಲ್ಲಿ ಅದೇ ಸೌದಿಯ ಇನ್ನೊಂದು ತಂಡಕ್ಕೆ ರೊನಾಲ್ಡೊ ಬಂದಿಳಿದಾಗ ತುಂಬಿದ ಕ್ರೀಡಾಂಗಣದಲ್ಲಿ ಬಾಣ ಬಿರುಸುಗಳೊಡನೆ ಸ್ವಾಗತ ನಡೆಯಿತು.